ಎರಡೂವರೆ ತಾಸಿನ ಸೈಲೆನ್ಸರ್

ಗದಿಗೆಪ್ಪಣ್ಣನ ಕಾರು ನಮ್ಮ ಅಂಗಡಿಗೆ ಬಂದದ್ದು ಹನ್ನೊಂದೂ ಕಾಲಿಗೆ. ಅದರ ಸದ್ದು ಬಂದದ್ದು ಹತ್ತೂವರೆಗೆ. ನಾನು ಅಂಗಡಿಯ ಮುಂದೆ ತಗಡಿನ ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಗರ್ರೆಂದು ಬಂದು ಬಾಗಿಲಲ್ಲೇ ನಿಂತು ಆರಿಹೋದ ಸದ್ದನ್ನು ಕೇಳಿದವಳೇ, ಒಳಗೆ ವೆಲ್ಡಿಂಗ್ ಮಾಡುತ್ತಿದ್ದ ನನ್ನ ಗಂಡನಿಗೆ ಕೂಗಿ ಹೇಳಿದೆ: “ಹೊಲಿಗಿ ಮಷಿನ್ ರಿಪೇರಿ ಗದಿಗೆಪ್ಪಣ್ಣಾರು ಬರಾಕತ್ತಾರ. ಮುಕ್ಕಾಲು ತಾಸಿನ್ಯಾಗ ಇಲ್ಲಿರ್ತಾರ. ಸೈಲೆನ್ಸರ್ ತೂತು ಬಿದ್ದು ಜರಡಿ ಆಗೇತಿ.” ನನ್ನ ಕಿವಿ ಇದುವರೆಗೆ ಹುಸಿ ಹೋಗಿಲ್ಲ. ನಮ್ಮ ಅಂಗಡಿಯಲ್ಲಿ ಕಬ್ಬಿಣದ ಕೆಲಸ ಅವರದು, ಕಿವಿಯ ಕೆಲಸ ನನ್ನದು. ಅವರ ಹೆಸರು ಮೌನೇಶ, ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಈ ದ್ರಾಕ್ಷಾಯಣಿಯೇ ಆಡಿ ಮುಗಿಸುತ್ತಾಳೆ ಎಂದು ಓಣಿಯವರು ನಗುತ್ತಾರೆ. ನಗಲಿ, ನನಗೇನು.

ನಮ್ಮ ಊರಿನಲ್ಲಿ ಗಾಡಿಯ ಸದ್ದು ಗಾಡಿಗಿಂತ ಮೊದಲು ಬರುತ್ತದೆ. ಹೋಗಬೇಕಾದ ಮನೆಯ ಮುಂದೆ ಬಂದು, ಒಂದಿಷ್ಟು ಗುಡುಗಿ, ಆರುತ್ತದೆ. ಗಾಡಿ ಆಮೇಲೆ ಬರುತ್ತದೆ. ಮೆತ್ತಗಿನ ಸೈಲೆನ್ಸರ್ ಆದರೆ ಹತ್ತು ನಿಮಿಷ ಮೊದಲು, ಕಂಪನಿಯಿಂದ ಬಂದದ್ದಾದರೆ ಇಪ್ಪತ್ತು ನಿಮಿಷ, ಜೋರಿನದಾದರೆ ತಾಸು, ಒಂದೂವರೆ ತಾಸು. ಮನುಷ್ಯ ಇನ್ನೂ ಬಚ್ಚಲಿನಲ್ಲಿ ಮೈಗೆ ಸೋಪು ಹಚ್ಚಿಕೊಳ್ಳುತ್ತಿರುವಾಗಲೇ ಅವನ ಸದ್ದು ಬೀಗರ ಮನೆ ಮುಟ್ಟಿರುತ್ತದೆ, ಬೀಗಿತಿ ಕಡಲೆಬೇಳೆ ನೆನೆಹಾಕಿರುತ್ತಾಳೆ. ಹಾಸಿಗೆ ಮಡಚದ ಮನೆಯನ್ನಾಗಲಿ, ತಲೆ ಬಾಚದ ಸೊಸೆಯನ್ನಾಗಲಿ, ಜಗಳದ ನಡುವೆ ಇರುವ ಗಂಡ ಹೆಂಡಿರನ್ನಾಗಲಿ ನಮ್ಮೂರಿನ ಅತಿಥಿಗಳು ಕಂಡವರಲ್ಲ. ನಡೆದು ಬರುವವರು ಓಣಿಯ ತುದಿಯಲ್ಲಿ ನಿಂತು, ಯಾರ ಕೈಯಲ್ಲಾದರೂ ಹೆಸರು ಹೇಳಿ ಕಳಿಸಿ, ಅರ್ಧ ತಾಸು ಕಾದು ಬರುತ್ತಾರೆ. ಹಾಗೆ ತಿಳಿಸದೆ ಬಂದು ಬಾಗಿಲು ಬಡಿದವರಿಗೆ ಯಾರೂ ತೆರೆಯುವುದಿಲ್ಲ. ಸದ್ದು ಕಳಿಸಿ ಬಂದವರಿಗೆ ಮಾತ್ರ, ಮನೆಯಲ್ಲಿದ್ದರೆ, ಶತ್ರುವಾದರೂ ತೆರೆಯಲೇಬೇಕು.

ಹಾಗಾಗಿ ನಮ್ಮಲ್ಲಿ ಸೈಲೆನ್ಸರ್ ಆರಿಸುವುದೆಂದರೆ ಎದುರಿನವರಿಗೆ ಎಷ್ಟು ಹೊತ್ತು ಕೊಡುತ್ತೇವೆ ಎಂದು ಆರಿಸುವುದು. ಸ್ಕೂಲ್ ಇನ್‌ಸ್ಪೆಕ್ಟರರು ಐದು ನಿಮಿಷದ್ದು ಕೇಳುತ್ತಾರೆ, ಮಾಸ್ತರರು ಬಂದು ಅವರ ಗಾಡಿಗೆ ಒಂದು ತಾಸಿನದ್ದು ಹಾಕಿರೆಂದು ನಮಗೆ ಕೈಮುಗಿಯುತ್ತಾರೆ. ನನ್ನ ಮೈದುನನಂತೂ ತನ್ನ ಕಾರಿಗೆ ಎರಡು ತಾಸಿನದ್ದು ಹಾಕಿಸಿಕೊಂಡಿದ್ದಾನೆ, ಹೋದ ಕಡೆಯೆಲ್ಲ ಹೋಳಿಗೆ ಆಗಿರಲಿ ಎಂದು. ಬಂದ ಸದ್ದಿನ ಹಿಂದೆ ಬಾರದೇ ಹೋದವನನ್ನು ನಾವು ‘ಬರೀ ಸದ್ದಿನವ’ ಎನ್ನುತ್ತೇವೆ. ಅದಕ್ಕಿಂತ ದೊಡ್ಡ ಬೈಗುಳ ನಮ್ಮ ಊರಿನಲ್ಲಿಲ್ಲ.

ಗದಿಗೆಪ್ಪಣ್ಣ ಕಾರಿನಿಂದ ಇಳಿದರು. ಅರವತ್ತಾರರ ವಯಸ್ಸು, ಒಂದು ಮೊಣಕಾಲು ಹಿಡಿದದ್ದು, ಉಗುರಿನ ಸಂದಿಯಲ್ಲಿ ಮಷಿನ್ ಎಣ್ಣೆ. ಕಾರೂ ಹೆಚ್ಚುಕಡಿಮೆ ಅವರಂತೆಯೇ ಇತ್ತು: ಸಣ್ಣದು, ಹಳೆಯದು, ಕೆಂಪು ಬಣ್ಣ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದು. ಹಿಂದಿನ ಸೀಟಿನಲ್ಲಿ ಹೊಲಿಗೆ ಯಂತ್ರದ ಎರಡು ತಲೆಗಳು ಪಕ್ಕಪಕ್ಕದಲ್ಲಿ ಕೂತಿದ್ದವು. ಚಹಾ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು ಅವರು ಹೇಳಿದರು, “ಮೌನೇಶಪ್ಪ, ಎರಡು ನಿಮಿಷದ್ದೊಂದು ಮಾಡಿಕೊಡು.”

ನನ್ನ ಗಂಡ ಕಪ್ಪು ಕನ್ನಡಕ ಹಣೆಗೆ ಏರಿಸಿದರು. ನಾನು ಸುಮ್ಮನಿರುವವಳೇ? “ಎರಡು ನಿಮಿಷನ? ಯಾರ ಮನಿ ದೋಚಾಕ ಹೊಂಟೀರಣ್ಣಾ?” ಎಂದೆ.

“ಮಗಳ ಮನಿಗೆ,” ಎಂದರು. ನಗಲಿಲ್ಲ. ನನ್ನ ನಗುವೂ ಅಲ್ಲೇ ನಿಂತಿತು.

ಅವರ ಮಗಳು ನೀಲಾ ಊರಿನ ಆ ತುದಿಯಲ್ಲಿ, ಸುಣ್ಣದ ಭಟ್ಟಿಯ ಆಚೆಯ ಓಣಿಯಲ್ಲಿ ಒಬ್ಬಳೇ ಇದ್ದಾಳೆ, ರೊಟ್ಟಿ ಬಡಿದು ಮಾರುತ್ತಾಳೆ ಎನ್ನುವುದು ನನಗೆ ಗೊತ್ತಿತ್ತು. ಅಪ್ಪನ ಜೊತೆ ಮಾತಿಲ್ಲ ಎನ್ನುವುದೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅವತ್ತು ಅವರೇ ಹೇಳಿದರು. “ನಾಕು ವರ್ಷದಿಂದ ರವಿವಾರ ರವಿವಾರ ಹೋಗ್ತೀನ್ರಿ. ಮೊದಲು ಇಪ್ಪತ್ತು ನಿಮಿಷ ಸಿಗ್ತಿತ್ತು ಆಕಿಗೆ. ಕೀಲಿ ಹಾಕ್ಕೊಂಡು ಹೋಗಿರ್ತಿದ್ಲು, ಕಿಡಕ್ಯಾಗಿಂದ ಒಲಿ ಹೊಗಿ ಇನ್ನೂ ಬರ್ತಿರ್ತಿತ್ತು. ಈಗ ತೂತು ಬಿದ್ದು ಮುಕ್ಕಾಲು ತಾಸು ಆಗೇತಿ. ರೊಟ್ಟಿ ಬಡದು, ಗಿರಾಕಿಗೆ ಕೊಟ್ಟು, ಅಂಗಳ ಹೊಡದು ಆರಾಮ ಹೋಗ್ತಾಳ. ಎರಡು ನಿಮಿಷ ಆದ್ರ ಹಿಟ್ಟಿನ ಕೈ ತೊಳಕೊಳ್ಳಾಕೂ ಆಗಂಗಿಲ್ಲ. ಸದ್ದು ಬಂದೇತಿ, ಬಾಗಲಾ ತಗೀಲೇಬೇಕಾಗ್ತೈತಿ. ನಾ ಹೆಚ್ಚೇನ ಮಾತಾಡಂಗಿಲ್ಲ ತಂಗಿ. ತಪ್ಪಾತು ಅಂತ ಒಂದ ಮಾತು ಆಕಿ ಮುಖಾ ನೋಡಿ ಹೇಳಬೇಕಾಗೇತಿ. ಹತ್ತು ವರ್ಷಾತು, ಹೇಳೇ ಇಲ್ಲ.”

ಹತ್ತು ವರ್ಷದ ಹಿಂದೆ ಒಂದು ಸಂಜೆ ಅವರ ಹೆಂಡತಿ ಗುರವ್ವನ ಬಾಯಿ ಸೊಟ್ಟಗಾಯಿತು, ಬಲಗೈ ಜೋತುಬಿತ್ತು. ನೀಲಾಗೆ ಆಗ ಇಪ್ಪತ್ತು. ಅಪ್ಪನಿಗೆ ಹೇಳಿಕಳಿಸಿದಳು. ಗದಿಗೆಪ್ಪಣ್ಣ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಕಾರು ಹತ್ತಿದರು, ಅದರಲ್ಲಿ ಸುಳ್ಳಿಲ್ಲ. ಇತ್ತ ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದೊಯ್ಯಲು ತಮ್ಮ ಟೆಂಪೋ ತಂದು ನಿಲ್ಲಿಸಿದ್ದರು. ಅಷ್ಟರಲ್ಲಿ ಗದಿಗೆಪ್ಪಣ್ಣನ ಕಾರಿನ ಸದ್ದು ಬಾಗಿಲಿಗೆ ಬಂತು. “ಬ್ಯಾಡ್ರಿ, ಅಪ್ಪ ಬಂದ, ಇನ್ನ ಇಪ್ಪತ್ತು ನಿಮಿಷ,” ಎಂದು ನೀಲಾ ಟೆಂಪೋದವರನ್ನು ಕಳಿಸಿಬಿಟ್ಟಳು, ಅವರು ಬಾಡಿಗೆಗೆಂದು ಊರಾಚೆ ಹೊರಟುಹೋದರು. ದಾರಿಯಲ್ಲಿ ಒಬ್ಬ ದರ್ಜಿ ಕೈ ಅಡ್ಡ ಹಾಕಿದ. ಮದುವೆಯ ಬಟ್ಟೆ, ಮಷಿನ್ ಕಚ್ಚಿಕೊಂಡಿದೆ, ಒಂದು ಸ್ಕ್ರೂ ತಿರುಗಿಸಿ ಹೋಗಿ ಎಂದು ಗೋಗರೆದ. ಗದಿಗೆಪ್ಪಣ್ಣ ಇಳಿದರು. ಸದ್ದು ಮನೆ ಮುಟ್ಟಿದೆ, ಅಂದರೆ ನಾನು ಮುಟ್ಟಿದ ಹಾಗೆಯೇ ಎಂದುಕೊಂಡರು. ಒಂದು ಸ್ಕ್ರೂ ಹೋಗಿ ಮೂರಾಯಿತು, ಮೂರು ಹೋಗಿ ಒಳಗಿನ ಗಾಲಿಯೇ ಬಿಚ್ಚಬೇಕಾಯಿತು. ಮನೆ ಮುಟ್ಟುವಾಗ ಎರಡು ತಾಸು ತಡವಾಗಿತ್ತು. ತಾಯಿಯ ತಲೆ ತೊಡೆಯ ಮೇಲೆ ಇಟ್ಟುಕೊಂಡು ನೀಲಾ ಬಾಗಿಲಲ್ಲೇ ಕೂತಿದ್ದಳಂತೆ. ಗುರವ್ವ ಉಳಿದಳು, ಆದರೆ ಮಾತು ಹೋಯಿತು, ಬಲಮೈ ಹೋಯಿತು. ಆರು ವರ್ಷ ನೀಲಾ ತಾಯಿಗೆ ತುತ್ತಿಟ್ಟಳು, ಮೈ ತೊಳೆದಳು. ಬಂದ ಸಂಬಂಧಗಳೆಲ್ಲ ಬಾಗಿಲಿನಿಂದಲೇ ಹಿಂದಿರುಗಿದವು. ಗುರವ್ವ ತೀರಿಕೊಂಡು ಕಾರ್ಯ ಮುಗಿದ ಮರುದಿನ, ರೊಟ್ಟಿಯ ಹಂಚು ಕಂಕುಳಲ್ಲಿ ಇಟ್ಟುಕೊಂಡು ಮನೆ ಬಿಟ್ಟಳು.

ಬೇರೆ ಊರಿನವರು ಕೇಳಿದರೆ ಇದೆಂಥ ಹುಚ್ಚು ಎನ್ನಬಹುದು. ಹೆಂಡತಿ ಸಾಯುತ್ತಿದ್ದಾಗ ಸ್ಕ್ರೂ ತಿರುಗಿಸುವವನು ಮನುಷ್ಯನೇ? ಆದರೆ ನಮ್ಮ ಊರಿನ ನಮಗೆಲ್ಲ ಈ ರೋಗ ಇದೆ. ನನ್ನ ತಂಗಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಸದ್ದು ಕಳಿಸಿ, ಮುಟ್ಟಿದಂತೆಯೇ ಆಯಿತು ಎಂದುಕೊಂಡು ಬಳೆ ಅಂಗಡಿಯಲ್ಲಿ ಕೂತವಳು ನಾನು. ಹೋಗುವಾಗ ಮಗುವಿಗೆ ಹೆಸರಿಟ್ಟು ಎಲ್ಲರೂ ಉಂಡು ಕೈ ತೊಳೆದಿದ್ದರು. ನನ್ನದು ನಗೆಯಲ್ಲಿ ಹೋಯಿತು, ಅವರದು ಹೋಗಲಿಲ್ಲ. ಅಷ್ಟೇ ವ್ಯತ್ಯಾಸ. ಅದಕ್ಕೇ ಅವತ್ತು ಅವರಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ.

“ಮಾಡಿಕೊಡ್ರಿ,” ಎಂದು ಗಂಡನಿಗೆ ಹೇಳಿದೆ.

ಎರಡು ನಿಮಿಷದ್ದು ಮಾಡುವುದು ಸುಲಭವಲ್ಲ. ಮೊದಲ ದಿನ ಇವರು ಹಳೆಯ ಪೈಪು ಕಿತ್ತು, ಒಳಗೆ ಗಾಜಿನ ಉಣ್ಣೆ ತುಂಬಿದ ಹೊಸ ಡಬ್ಬಿ ಹಾಕಿದರು. ಗದಿಗೆಪ್ಪಣ್ಣ ಕಾರನ್ನು ಕೆರೆಯ ತನಕ ಒಯ್ದು ತಿರುಗಿ ಬಂದರು. ನಾನು ಕಣ್ಣು ಮುಚ್ಚಿ ಸ್ಟೂಲಿನ ಮೇಲೆ ಕೂತು, ಸದ್ದು ಬಂದ ಹೊತ್ತನ್ನೂ ಕಾರು ಬಂದ ಹೊತ್ತನ್ನೂ ಪಾಟಿಯ ಮೇಲೆ ಬರೆದೆ. ಹನ್ನೊಂದು ನಿಮಿಷ. ಎರಡನೆಯ ದಿನ ಇನ್ನೊಂದು ಡಬ್ಬಿ ಸೇರಿಸಿದರು. ಆರು ನಿಮಿಷ. “ಆರು ನಿಮಿಷದಾಗ ಆಕಿ ಹಿಂದಿನ ಗಲ್ಲಿ ದಾಟ್ತಾಳ,” ಎಂದು ಗದಿಗೆಪ್ಪಣ್ಣ ತಲೆ ಅಲ್ಲಾಡಿಸಿದರು. ಮೂರನೆಯ ದಿನ ಇವರು ಊಟ ಬಿಟ್ಟು ಕಾರಿನ ಕೆಳಗೇ ಮಲಗಿದರು. ಮೂರು ಡಬ್ಬಿ, ನಡುವೆ ಸುತ್ತು ಬಳಸಿದ ಪೈಪು, ಎಲ್ಲ ಜಂಟಿಗೂ ದಪ್ಪ ರಬ್ಬರು. ಹೊಗೆಗೆ ಹೊರಗೆ ಬರಲು ದಾರಿಯೇ ಸಿಗದೆ ಕಾರಿಗೆ ಉಸಿರು ಕಟ್ಟುತ್ತಿತ್ತು, ಏರು ಬಂದರೆ ತಿಣುಕುತ್ತಿತ್ತು. ಸದ್ದು ಮಾತ್ರ, ಯಾರೋ ಗಂಟಲು ಸರಿಮಾಡಿಕೊಂಡಷ್ಟೇ ಆಗಿತ್ತು. ಪಾಟಿಯ ಮೇಲೆ ಎರಡು ಎಂದು ಬರೆದು ತೋರಿಸಿದಾಗ ಗದಿಗೆಪ್ಪಣ್ಣ ಮಕ್ಕಳ ಹಾಗೆ ಸಂತೋಷಪಟ್ಟರು. ರವಿವಾರಕ್ಕೆ ಇಸ್ತ್ರಿ ಮಾಡಿದ ಅಂಗಿ ಇದೆಯಲ್ಲ ಎಂದು ತಮಗೆ ತಾವೇ ಕೇಳಿಕೊಂಡು ಹೋದರು.

ಸೋಮವಾರ ಬೆಳಗ್ಗೆ ಓಣಿಯ ತುದಿಯಿಂದ ಹೇಳಿಕೆ ಬಂತು: ರೊಟ್ಟಿ ನೀಲಾ ಬಂದಿದ್ದಾಳೆ, ದ್ರಾಕ್ಷಾಯಣಿಯವರನ್ನು ಕಾಣಬೇಕಂತೆ. ಇಣುಕಿ ನೋಡಿದೆ. ಬೇವಿನ ಗಿಡದ ಕೆಳಗೆ ಒಬ್ಬ ಹೆಂಗಸು ಸೆರಗು ಬಿಗಿದುಕೊಂಡು ನಿಂತಿದ್ದಳು. ಅಷ್ಟು ಸಿಟ್ಟಿನಲ್ಲೂ ಪದ್ಧತಿ ಬಿಡದೆ ಅರ್ಧ ತಾಸು ಬಿಸಿಲಿನಲ್ಲಿ ಕಾದಳು. ಆ ಅರ್ಧ ತಾಸಿನಲ್ಲಿ ನಾನು ಅವಲಕ್ಕಿ ಒಗ್ಗರಣೆ ಹಾಕಿದೆ, ಏನು ಹೇಳಬೇಕೆಂದು ಯೋಚಿಸಿದೆ, ಗಂಡನನ್ನು ಹಿಂದಿನ ಬಾಗಿಲಿನಿಂದ ಹೊರಗೆ ಕಳಿಸಿದೆ. ಬಂದವಳು ಅವಲಕ್ಕಿಯ ತಟ್ಟೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ.

“ಆ ಗಾಡಿಗೆ ಎರಡು ನಿಮಿಷದ್ದು ಹಾಕಿಕೊಟ್ಟವರು ನೀವ ಏನ್ರಿ?”

“ಹೌದವ್ವ. ನಿಮ್ಮಪ್ಪಗ ಒಂದ ಮಾತು ಹೇಳಬೇಕಿತ್ತು...”

“ಹೇಳಿದ. ನನ್ನ ಎರಡೂ ಕೈ ಹಿಟ್ಟಿನಾಗಿದ್ವು, ತಲಿ ಬಿಚ್ಚಿತ್ತು. ಎದ್ದು ನಿಂದ್ರೂದ್ರಾಗ ಬಾಗಲದಾಗ ಇದ್ದ. ತಪ್ಪಾತು ಅಂದ, ಅತ್ತ. ನಾ ಏನ ಮಾಡ್ಲಿ? ಮುಖಾ ಎಲ್ಲಿ ಇಟ್ಕೊಳ್ಲಿ? ಗ್ವಾಡಿ ಕಡೆ ತಿರುಗಿ ನಿಂತೆ, ಅವ ಹೋಗೋ ಮಟ.” ಸೆರಗನ್ನು ಇನ್ನಷ್ಟು ಬಿಗಿದುಕೊಂಡಳು. “ಆರು ವರ್ಷ ನಾ ಅವ್ವನ ಹೊತ್ತಿಗೆ ಎದ್ದೀನಿ, ಅವ್ವನ ಹೊತ್ತಿಗೆ ಕುಂತೀನಿ. ನನ್ನ ಹೊತ್ತು ಅಂತ ಒಂದು ಗಳಿಗಿ ಇರಲಿಲ್ಲ. ಅವತ್ತು ಎರಡು ತಾಸು ಕಾಯಿಸಿದ. ನಿನ್ನಿ ಎರಡ ನಿಮಿಷದ ಮ್ಯಾಲ ಕೊಡಲಿಲ್ಲ. ಅವತ್ತೂ ಅವನ ಹೊತ್ತು, ನಿನ್ನಿನೂ ಅವನ ಹೊತ್ತು. ನನ್ನ ಹೊತ್ತು ಯಾವಾಗ್ರೀ ಅಕ್ಕಾರ?”

ನಾನು ಅವಲಕ್ಕಿಯ ತಟ್ಟೆಯನ್ನು ಇನ್ನಷ್ಟು ಅವಳ ಕಡೆಗೆ ಸರಿಸಿದೆ.

“ಇನ್ನೊಂದ ಸಲ ಅವ ಹಿಂಗ ಬಂದ್ರ, ಹಂಚು ಎತ್ಕೊಂಡು ಹೊಳಿ ದಾಟಿ ಹೋಗಿಬಿಡ್ತೀನಿ. ಆಚೀಗೆ ಯಾವ ಗಾಡಿ ಸದ್ದೂ ಬರಂಗಿಲ್ಲಂತ. ಹೇಳ್ರಿ ಅವಗ,” ಎಂದು ಎದ್ದು ಹೋದಳು.

ಹೊಳೆ ದಾಟಿ ಹೋದವರು ನಮ್ಮ ಊರಿಗೆ ತಿರುಗಿ ಬಂದದ್ದಿಲ್ಲ. ಅವಳು ಮಾತಿಗೆ ಹೇಳಿದವಳಲ್ಲ ಎನ್ನುವುದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಮರುದಿನ ಗದಿಗೆಪ್ಪಣ್ಣ ಬಂದರು. ಎರಡೇ ನಿಮಿಷ ಮೊದಲು ಸದ್ದು ಬಂದದ್ದರಿಂದ ಹಾಲು ಕಾಯಿಸಲೂ ಆಗಲಿಲ್ಲ, ನನಗೂ ಆಗ ನೀಲಾಳ ಸಿಟ್ಟು ಒಂದಿಷ್ಟು ಅರ್ಥವಾಯಿತು. “ಹೇಳಿದ್ನಿ ತಂಗಿ. ಆದ್ರ ಆಕಿ ಗ್ವಾಡಿ ನೋಡಿದ್ಲು,” ಎಂದರು. “ಒಂದು ನಿಮಿಷದ್ದು ಆಗ್ತೈತೇನು ಕೇಳಬೇಕಂತ ಬಂದೆ.”

ನನಗೆ ಎಲ್ಲಿತ್ತೋ ಕೋಪ, ಬಂದೇಬಿಟ್ಟಿತು. “ನಿಮಗ ಬುದ್ಧಿ ಐತೋ ಇಲ್ಲೋ ಅಣ್ಣಾ? ಹಿಟ್ಟಿನ ಕೈಯಾಗ ಇದ್ದವಳನ್ನ ಹಿಡದು ನಿಲ್ಲಿಸಿ ತಪ್ಪಾತು ಅಂದ್ರ ಅದು ಕ್ಷಮಾ ಕೇಳಿದ್ಹಂಗ ಏನು?” ಎಂದು ಶುರು ಮಾಡಿ, ಅವಳು ಹೇಳಿದ್ದನ್ನೆಲ್ಲ, ಒಂದು ಮಾತೂ ಬಿಡದೆ ಹೇಳಿದೆ. ಹೊಳೆಯ ಮಾತನ್ನೂ ಹೇಳಿದೆ. ಅವರು ನನ್ನ ಸ್ಟೂಲಿನ ಮೇಲೆ ಕೂತರು. ಕೂತವರು ಉಗುರಿನ ಸಂದಿಯ ಎಣ್ಣೆ ಕೆರೆಯತೊಡಗಿದರು. ಇಷ್ಟು ಬೈಯಬಾರದಿತ್ತು ಎನಿಸಿ ನಾನು ನೀರು ತರಲು ಒಳಗೆ ಹೋದೆ.

ತಂದುಕೊಟ್ಟ ನೀರು ಕುಡಿದು ಅವರು ಕೇಳಿದರು, “ಎಲ್ಲಾಕ್ಕಿಂತ ದೊಡ್ಡದು ಎಷ್ಟೊತ್ತಿಂದು ಐತಿ?”

ನನ್ನ ಗಂಡ ಮೊದಲ ಸಲ ಬಾಯಿ ತೆರೆದರು. “ಎರಡೂವರೆ ತಾಸು. ಡಬ್ಬಿನ ಇರಂಗಿಲ್ಲ. ಇಂಜಿನ್ನಿಂದ ಸೀದಾ ಪೈಪು. ಕಲ್ಲಿನ ಖಣಿ ಲಾರಿಗೆ ಹಾಕ್ತೀವಿ. ಈ ಸಣ್ಣ ಗಾಡಿಗೆ ಯಾರೂ ಹಾಕಿಸಿಲ್ಲ.”

“ಹಾಕು.”

“ಅಣ್ಣಾ,” ಎಂದೆ ನಾನು, “ಎರಡೂವರೆ ತಾಸು ಕೊಟ್ರ ಆಕಿ ಸಂತಿ ಮುಗಿಸಿಕೊಂಡು, ಅಡಗಿ ಮಾಡಿ ಉಂಡು, ಆಮ್ಯಾಲೂ ಹೋಗಬಹುದು.”

“ಹೋಗಲಿ. ಗೊತ್ತಿದ್ದು ಹೋಗಲಿ.” ಲೋಟ ಕೆಳಗಿಟ್ಟು ಸೇರಿಸಿದರು, “ಇಷ್ಟು ದಿನ ಆಕಿಗೆ ಹೊತ್ತು ಕಮ್ಮಿ ಮಾಡೂದ್ರಾಗ ಇದ್ದೆ. ಸಾಕದು.”

ಇವರು ಮೂರು ಡಬ್ಬಿಗಳನ್ನೂ ಕಿತ್ತೆಸೆದು ಸೀದಾ ಪೈಪು ಜೋಡಿಸಿದರು. ಚಾವಿ ತಿರುಗಿಸಿದಾಗ ಆ ಸಣ್ಣ ಕಾರು ಹೊರಡಿಸಿದ ಗರ್ಜನೆಗೆ ಎದುರಿನ ಹೋಟೆಲಿನವನ ಕೈಯಿಂದ ಬೋಂಡಾದ ಜಾಲರಿ ಜಾರಿತು. ಉಸಿರು ಕಟ್ಟಿದ್ದ ಕಾರು ಈಗ ಏರನ್ನು ಹಾರಿ ಹತ್ತುತ್ತಿತ್ತು, ಅದೊಂದು ಲಾಭ. ಊರಿನವರು ಆಡಿಕೊಂಡರು: ಅರವತ್ತಾರಕ್ಕೆ ಗದಿಗೆಪ್ಪನಿಗೆ ಹರೆಯ ಬಂತು ಎಂದರು, ಇಲಿಯ ಹೊಟ್ಟೆಯಲ್ಲಿ ಹುಲಿ ಕೂತಿದೆ ಎಂದರು.

ಅಲ್ಲಿಂದ ಪ್ರತಿ ರವಿವಾರ ಬೆಳಗ್ಗೆ ಏಳೂವರೆಗೆ ಅವರ ಸದ್ದು ನೀಲಾಳ ಬಾಗಿಲಿಗೆ ಹೋಗುತ್ತಿತ್ತು. ಅಂದರೆ ಹತ್ತಕ್ಕೆ ಅವರು ಅಲ್ಲಿರಬೇಕು. ಇದರಲ್ಲಿರುವ ಕಷ್ಟ ಗಾಡಿ ಓಡಿಸದವರಿಗೆ ತಿಳಿಯುವುದಿಲ್ಲ. ಇಪ್ಪತ್ತು ನಿಮಿಷದ ಸದ್ದಾದರೆ ಹೊರಟ ಮೇಲೆ ಹೋಗುತ್ತದೆ. ಎರಡೂವರೆ ತಾಸಿನದ್ದು ನಾವಿನ್ನೂ ಹಲ್ಲುಜ್ಜುತ್ತಿರುವಾಗಲೇ ಹೋಗಿರುತ್ತದೆ. ಆಮೇಲೆ ಜ್ವರ ಬರಲಿ, ಮನೆಗೆ ನೆಂಟರು ಬರಲಿ, ಮಳೆ ಹೊಡೆಯಲಿ, ಹೋಗಲೇಬೇಕು. ಗದಿಗೆಪ್ಪಣ್ಣ ಹೋಗುತ್ತಿದ್ದರು. ದಾರಿಯಲ್ಲಿ ಯಾರು ಕೈ ಅಡ್ಡ ಹಾಕಿದರೂ ನಿಲ್ಲಿಸುತ್ತಿರಲಿಲ್ಲ. ಹತ್ತಕ್ಕೆ ಸರಿಯಾಗಿ ಬಾಗಿಲ ಮುಂದೆ ಇಳಿದು, ಕೀಲಿ ನೋಡಿ, ಐದು ನಿಮಿಷ ನಿಂತು ತಿರುಗಿ ಬರುತ್ತಿದ್ದರು. ಆ ಓಣಿಯವರು ಗೋಡೆ ಗಡಿಯಾರಗಳನ್ನು ಅವರು ಬರುವ ಹೊತ್ತಿಗೆ ಸರಿಮಾಡಿಕೊಳ್ಳತೊಡಗಿದರು ಎಂದು ಕೇಳಿದೆ. ಏಳು ರವಿವಾರ ಏಳು ಸಲವೂ ಕೀಲಿ. ಅವಳು ಎಲ್ಲಿಗೆ ಹೋಗುತ್ತಾಳೋ ಯಾರೂ ಹೇಳಲಿಲ್ಲ. ಹೊಳೆಯನ್ನಂತೂ ದಾಟಿರಲಿಲ್ಲ, ವಾರದ ದಿನಗಳಲ್ಲಿ ಅವಳ ರೊಟ್ಟಿ ಎಂದಿನಂತೆ ಪೇಟೆಗೆ ಬರುತ್ತಿತ್ತು.

ಎಂಟನೆಯ ರವಿವಾರ ನಾನೂ ಅವರ ಜೊತೆ ಹೋದೆ. ಪೈಪು ಎಲ್ಲೋ ತಗಡಿಗೆ ಬಡಿಯುತ್ತಿದೆ ಎಂದಿದ್ದರು. ಓಡುವಾಗ ಕೇಳಿದರೆ ಮಾತ್ರ ಜಾಗ ತಿಳಿಯುತ್ತದೆ. ಹೊರಟಾಗ ಒಂಬತ್ತೂವರೆ. ಸದ್ದು ಹೋಗಿ ಎರಡು ತಾಸಾಗಿತ್ತು. ಗದಿಗೆಪ್ಪಣ್ಣ ಸ್ಟೇರಿಂಗ್ ಬಿಗಿಯಾಗಿ ಹಿಡಿದು ರಸ್ತೆ ನೋಡುತ್ತಿದ್ದರು, ನಾನು ಕಾಲ ಕೆಳಗಿನ ಬಡಿತವನ್ನು ಕೇಳುತ್ತಿದ್ದೆ. ಸುಣ್ಣದ ಭಟ್ಟಿಯ ಏರಿಗೆ ಬಂದಾಗ ಟಣ್ ಎಂದಿತು. ಪೈಪಲ್ಲ, ಕ್ಲಚ್ಚಿನ ತಂತಿ. ಕಾರು ಹಿಂದಕ್ಕೆ ಜಾರಿ ರಸ್ತೆಯ ಬದಿಗೆ ನಿಂತಿತು. ಆಗ ಒಂಬತ್ತೂ ಮುಕ್ಕಾಲು.

ಅಲ್ಲಿ ಎಲೆ ಅಡಿಕೆ ಅಂಗಡಿಯ ಮುಂದೆ ಕೂತಿದ್ದ ಪರಿಚಯದವನೊಬ್ಬ ಎದ್ದು ಬಂದ. “ಏ ಗದಿಗೆಪ್ಪಣ್ಣ, ಬಾ ಕುಂದ್ರು. ಮೆಕಾನಿಕ್‌ಗೆ ಹೇಳಿ ಕಳಸ್ತೀನಿ, ಅರ್ಧ ತಾಸಿನ್ಯಾಗ ಹಾಕ್ಕೊಡ್ತಾನ. ಸದ್ದಂತೂ ಮುಟ್ಟೇತಲ್ಲ, ಬರ್ತಾನಂತ ಗೊತ್ತಿರ್ತೈತಿ.”

ಗದಿಗೆಪ್ಪಣ್ಣ ಅವನ ಮುಖವನ್ನೂ ನೋಡಲಿಲ್ಲ. ಚಾವಿಯನ್ನೂ ತೆಗೆಯದೆ, ಬಾಗಿಲನ್ನೂ ಹಾಕದೆ, ಏರು ಹತ್ತತೊಡಗಿದರು. ನಾನು ಕಾರಿನ ಚಾವಿ ತೆಗೆದುಕೊಂಡು ಹಿಂದೆಯೇ ಓಡಿದೆ. ಹಿಡಿದ ಮೊಣಕಾಲನ್ನು ಎಳೆದು ಹಾಕುತ್ತ, ಕೈಯಿಂದ ತೊಡೆಯನ್ನು ಎತ್ತಿ ಎತ್ತಿ ಮುಂದಿಡುತ್ತ ಅವರು ನಡೆದ ರೀತಿಗೆ ನನ್ನ ಕಣ್ಣಲ್ಲಿ ನೀರು ಬಂತು. “ನಿಧಾನ್ರಿ ಅಣ್ಣಾ, ಬಿದ್ದೀರಿ,” ಎಂದರೆ ಕೇಳಿಸಲಿಲ್ಲ. ಇಳಿಜಾರಿನ ಕೆಸರಿನಲ್ಲಿ ಅವರ ಒಂದು ಚಪ್ಪಲಿ ಹೂತುಕೊಂಡಿತು. ಬಾಗಿ ಕೀಳಲೂ ಇಲ್ಲ, ಹಾಗೆಯೇ ಹೋದರು. ಎಲ್ಲೋ ಒಂದು ಮನೆಯ ರೇಡಿಯೋದಲ್ಲಿ ಹತ್ತು ಹೊಡೆದದ್ದು ನಮಗಿಬ್ಬರಿಗೂ ಕೇಳಿತು. ಆಗ ಅವರು ಓಡಿದರು. ಆ ಕಾಲಿನಲ್ಲಿ ಹೇಗೆ ಓಡಿದರೋ, ನನಗೆ ಇಂದಿಗೂ ತಿಳಿಯದು.

ಓಣಿಗೆ ತಿರುಗಿದಾಗ ಬಾಗಿಲುಗಳಲ್ಲಿ ಜನ ನಿಂತಿದ್ದರು. ಓಣಿಯ ನಟ್ಟನಡುವೆ, ಬಿಸಿಲಿನಲ್ಲಿ, ನೀಲಾ ನಿಂತಿದ್ದಳು. ಅವಳ ಮನೆಗೆ ಕೀಲಿ ಹಾಕಿತ್ತು. ಎದುರಿನ ಮನೆಯ ಬಾಗಿಲು ಮಾತ್ರ ದಬ್ಬಿದ ಹಾಗೆ ತೆರೆದಿತ್ತು, ಅಲ್ಲಿಂದಲೇ ಹೊರಬಿದ್ದವಳು ಎಂದು ಯಾರೂ ಹೇಳದೆಯೇ ತಿಳಿಯಿತು. ಏಳು ರವಿವಾರವೂ ಅವಳು ಅಲ್ಲೇ, ಆ ಕಿಟಕಿಯ ಹಿಂದೆಯೇ ಕೂತಿದ್ದಳು.

ಗದಿಗೆಪ್ಪಣ್ಣ ನಾಲ್ಕು ಮಾರು ದೂರದಲ್ಲಿ ನಿಂತರು. ಉಸಿರು ಸಿಗುತ್ತಿರಲಿಲ್ಲ. “ಗಾಡಿ... ಕ್ಲಚ್ ಹೋತವ್ವ,” ಎಂದರು.

“ಹನ್ನೊಂದು ನಿಮಿಷ,” ಎಂದಳು ನೀಲಾ.

“ಎಲ್ಲೂ ನಿಂತಿಲ್ಲವ್ವ. ದ್ರಾಕ್ಷಾಯಣಿ ಅದಾಳ, ಕೇಳು. ಎಲ್ಲೂ ನಿಂತಿಲ್ಲ.”

ಅವಳು ನನ್ನನ್ನು ಕೇಳಲಿಲ್ಲ. ಅವರ ಕಾಲು ನೋಡಿದಳು, ಒಂದರಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಕೆಸರು, ಹೆಬ್ಬೆರಳಿನಲ್ಲಿ ರಕ್ತ. ಆಮೇಲೆ ಮುಖ ನೋಡಿದಳು. ಗೋಡೆಯ ಕಡೆ ತಿರುಗಲಿಲ್ಲ.

“ಎರಡೂವರೆ ತಾಸು ಆರಾಮ ಕುಂತಿದ್ದೆ ನಾ,” ಎಂದಳು. “ಏಳು ವಾರ ಕುಂತೀನಿ. ಈ ಹನ್ನೊಂದು ನಿಮಿಷ ಕುಂದ್ರಾಕ ಆಗಲಿಲ್ಲ ನನಗ. ಇವಗ ಏನಾತೋ ಅನ್ನಿಸ್ತು.”

ಅಷ್ಟು ಹೇಳಿ ಸೆರಗಿನ ಗಂಟಿನಿಂದ ಚಾವಿ ಬಿಚ್ಚಿದಳು. ಮೊದಲ ಸಲ ಕೀಲಿ ತೆರೆಯಲಿಲ್ಲ, ಎರಡನೆಯ ಸಲ ತೆರೆಯಿತು. ಒಳಗೆ ಹೋದಳು. ಬಾ ಎಂದು ಕರೆಯಲಿಲ್ಲ, ಬಾಗಿಲನ್ನು ಹಾಕಿಕೊಳ್ಳಲೂ ಇಲ್ಲ. ಗದಿಗೆಪ್ಪಣ್ಣ ಹೊಸ್ತಿಲ ಮುಂದೆ ನಿಂತು, ಉಳಿದಿದ್ದ ಒಂದು ಚಪ್ಪಲಿಯನ್ನು ಕಳಚಿ ಬದಿಗಿಟ್ಟು, ಒಳಗೆ ಹೋದರು.